ಹಗ್ಗ, ಹಳಿ, ಗರಗಸ: ಒಂದು ಬಳಕೆದಾರರ ಕೈಪಿಡಿ

ಹಳೆಯ ಅಮೆರಿಕನ್ ಮತ್ತು ಬ್ರಿಟಿಷ್ ಟಿವಿ ಧಾರಾವಾಹಿಗಳ ಅಭಿಮಾನಿ ಬಳಗಕ್ಕೆ ತಾವು ಸೇರಿದ್ದಕ್ಕೆ ಅಭಿನಂದನೆಗಳು. ಈ ಬಳಗದಲ್ಲಿ ಮಾತು ಎಲ್ಲಿಂದ ಶುರುವಾದರೂ ಕೊನೆಗೆ ಬಂದು ನಿಲ್ಲುವುದು ಒಂದೇ ಕಡೆ: ಖಳನ ಕೈಗೆ ಸಿಕ್ಕಿಬಿದ್ದ ನಾಯಕಿಯ ದೃಶ್ಯ. ಯಾವ ಕಂತಿನಲ್ಲಿ ಅದು ಸೊಗಸಾಗಿತ್ತು, ಯಾವುದರಲ್ಲಿ ಹಳಸಲಾಗಿತ್ತು, ಗಂಟು ಅಷ್ಟು ಸಡಿಲವಾಗಿ ಕಾಣುತ್ತಿದ್ದರೂ ಆಕೆ ಯಾಕೆ ಬಿಚ್ಚಿಕೊಳ್ಳಲಿಲ್ಲ ಎನ್ನುವುದರ ಮೇಲೆ ಮೂರು ಸುತ್ತು ಕಾಫಿ ಮುಗಿಯುತ್ತದೆ. ತಯಾರಿಯಿಲ್ಲದೆ ಬಾಯಿ ಹಾಕಿದವರು ಹತ್ತು ನಿಮಿಷದಲ್ಲಿ ತೆಪ್ಪಗೆ ಕೂರಬೇಕಾಗುತ್ತದೆ. ಆದ್ದರಿಂದ ಬಳಸುವ ಮುನ್ನ ಈ ಕೈಪಿಡಿಯನ್ನು ಪೂರ್ತಿ ಓದಿ. ಮಕ್ಕಳ ಕೈಗೆ ಸಿಗುವಂತೆ ಇಡಿ. ಅವರಿಗೆ ಇದು ನಮಗಿಂತ ಬೇಗ ಅರ್ಥವಾಗುತ್ತದೆ.

ಪೆಟ್ಟಿಗೆಯಲ್ಲಿ ಏನೇನಿದೆ

ನಾಯಕಿ, 1. ಹಗ್ಗ, ಬೇಕಾದಷ್ಟು. ಮೀಸೆಯ ಖಳ, 1. ಕೊಲ್ಲುವ ಮೊದಲು ತನ್ನ ಯೋಜನೆಯನ್ನು ಮೊದಲಿಂದ ಕೊನೆಯವರೆಗೆ ವಿವರಿಸಿಯೇ ತೀರುವ ಅವನ ಚಟ, 1. ತೀರಾ ನಿಧಾನಕ್ಕೆ ಹತ್ತಿರ ಬರುವ ಯಂತ್ರ, 1. ಅದಕ್ಕಿಂತ ನಿಧಾನಕ್ಕೆ ಬರುವ ಹೀರೋ, 1. ನಾಯಕಿಯ ಕೇಶವಿನ್ಯಾಸ ಯಾವ ಪರಿಸ್ಥಿತಿಯಲ್ಲೂ ಕೆಡದಂತೆ ಕಾರ್ಖಾನೆಯಲ್ಲೇ ಜೋಡಿಸಲಾಗಿದೆ; ಬಿಚ್ಚಲು ಯತ್ನಿಸಬೇಡಿ.

ಮೊದಲ ಬಳಕೆಗೆ ಮುನ್ನ ಹಳಿಯನ್ನು ಪರೀಕ್ಷಿಸಿ

ಮೂಕಿ ಚಿತ್ರಗಳಲ್ಲಿ ಹುಡುಗಿಯರನ್ನು ರೈಲು ಹಳಿಗೆ ಕಟ್ಟುತ್ತಿದ್ದರು, ಟಿವಿಯವರು ಅದನ್ನೇ ಎತ್ತಿಕೊಂಡರು ಎಂದು ಯಾರಾದರೊಬ್ಬರು ಹೇಳಿಯೇ ಹೇಳುತ್ತಾರೆ. ಆಗ ತಾವು ಕನ್ನಡಕ ಸರಿಮಾಡಿಕೊಂಡು 1867ನೇ ಇಸವಿಗೆ ಹೋಗಬೇಕು. ಆ ವರ್ಷ ನ್ಯೂಯಾರ್ಕಿನಲ್ಲಿ ಆಗಸ್ಟಿನ್ ಡೇಲಿಯ ‘ಅಂಡರ್ ದ ಗ್ಯಾಸ್‌ಲೈಟ್’ ನಾಟಕ ರಂಗಕ್ಕೆ ಬಂತು. ಹಳಿಗೆ ಕಟ್ಟುವ ದೃಶ್ಯದ ಹುಚ್ಚು ಜನರಿಗೆ ಹಿಡಿಸಿದ್ದು ಅದೇ ನಾಟಕ. ಆದರೆ ಅಲ್ಲಿ ಹಳಿಯ ಮೇಲೆ ಬಿದ್ದಿದ್ದವನು ಸ್ನಾರ್ಕಿ ಎಂಬ ಗಂಡಸು, ಅಂತರ್ಯುದ್ಧದಲ್ಲಿ ಒಂದು ತೋಳು ಕಳೆದುಕೊಂಡು ಬಂದ ಸೈನಿಕ. ಪಕ್ಕದ ನಿಲ್ದಾಣದ ಕೊಠಡಿಯಲ್ಲಿ ಬೀಗದೊಳಗಿದ್ದ ನಾಯಕಿ ಲಾರಾ ಕೊಡಲಿಯಿಂದ ಬಾಗಿಲು ಒಡೆದು ಬಂದು, ರೈಲು ಮೈಮೇಲೆ ಬರುವಷ್ಟರಲ್ಲಿ ಅವನನ್ನು ಉಳಿಸುತ್ತಾಳೆ. ಬದುಕಿಕೊಂಡ ಸ್ನಾರ್ಕಿ ಉಸಿರು ತಿರುಗಿದ್ದೇ ತಡ ಒಂದು ಕುಟುಕು ಮಾತಾಡುತ್ತಾನೆ: ಇಂಥ ಹೆಂಗಸರಿಗೇ ಅಲ್ಲವೇ ಮತ ಹಾಕುವ ಹಕ್ಕು ಬೇಡವೆನ್ನುವುದು! ಅಮೆರಿಕದ ಸಂವಿಧಾನದಲ್ಲಿ ಆ ಹಕ್ಕು ಸೇರಿದ್ದು 1920ರಲ್ಲಿ.

ಇಷ್ಟು ಹೇಳಿ ನಿಲ್ಲಿಸಬೇಡಿ. 1913ರಲ್ಲಿ ಮ್ಯಾಕ್ ಸೆನೆಟ್ ಕಂಪನಿಯವರು ಮೇಬಲ್ ನಾರ್ಮಂಡ್‌ಳನ್ನು ಹಳಿಗೆ ಬಿಗಿದು ತೆಗೆದ ಚಿತ್ರ ಶುದ್ಧ ಹಾಸ್ಯ, ಹಳೆಯ ನಾಟಕಗಳ ಅಣಕ. ಎಲ್ಲರೂ ಬೆರಳು ತೋರಿಸುವುದು 1914ರ ‘ಪೆರಿಲ್ಸ್ ಆಫ್ ಪಾಲೀನ್’ ಕಡೆಗೆ. ಅದರಲ್ಲಿ ಪರ್ಲ್ ವೈಟ್ ಏನೇನೋ ಆಪತ್ತುಗಳನ್ನು ದಾಟುತ್ತಾಳೆ, ಹಳಿಗೆ ಕಟ್ಟಿಸಿಕೊಳ್ಳುವುದೊಂದನ್ನು ಬಿಟ್ಟು. ಅಂದರೆ ಟಿವಿ ಹುಟ್ಟುವ ಮೊದಲೇ ಈ ದೃಶ್ಯ ನಗೆಪಾಟಲಾಗಿತ್ತು. 60ರ ದಶಕದ ಮೊದಲಲ್ಲಿ ‘ಡಡ್ಲಿ ಡೂ-ರೈಟ್’ ಕಾರ್ಟೂನಿನಲ್ಲಿ ಸ್ನೈಡ್ಲಿ ವಿಪ್‌ಲ್ಯಾಶ್ ಎಂಬ ಖಳ ನೆಲ್ ಎಂಬುವಳನ್ನು ಹಳಿಗೆ ಕಟ್ಟುವುದನ್ನೇ ಕಸುಬು ಮಾಡಿಕೊಂಡಿದ್ದ. ಬಿಡಿಸಲು ಬರುವ ಪೊಲೀಸ್ ಹೀರೋ ಡಡ್ಲಿಗೆ ನೆಲ್ ಮೇಲೆ ಪ್ರೀತಿ. ನೆಲ್‌ಗೆ ಪ್ರೀತಿ ಅವನ ಕುದುರೆಯ ಮೇಲೆ.

ಸಮಯ ಹೊಂದಿಸುವ ವಿಧಾನ

ಅಭಿಮಾನಿಗಳು ಗಂಟೆಗಟ್ಟಲೆ ಜಗಳವಾಡುವ ಪ್ರಶ್ನೆಯೊಂದಿದೆ: ಖಳ ಆಕೆಯನ್ನು ಅಲ್ಲೇ ಮುಗಿಸದೆ ಗರಗಸ ಚಾಲೂ ಮಾಡಿ ಎದ್ದುಹೋಗುವುದು ಯಾಕೆ? ದಡ್ಡನೇ? ಕರುಣಾಳುವೇ? ಇದಕ್ಕೆ ಮನಶ್ಶಾಸ್ತ್ರದಲ್ಲಿ ಉತ್ತರ ಹುಡುಕುವವರನ್ನು ಕಂಡರೆ ನನಗೆ ಮರುಕ. ಉತ್ತರ ಇರುವುದು ಜಾಹೀರಾತಿನಲ್ಲಿ. 60ರ ದಶಕದ ಅಮೆರಿಕದಲ್ಲಿ ಒಂದು ಗಂಟೆಯ ಧಾರಾವಾಹಿಯೆಂದರೆ ಸುಮಾರು 50 ನಿಮಿಷದ ಕಥೆ. ಅದನ್ನು ತುಂಡು ಮಾಡಿ ನಡುವೆ ಸೋಪು, ಸಿಗರೇಟು, ಕಾರುಗಳನ್ನು ತುಂಬುತ್ತಿದ್ದರು. ಪ್ರತಿ ತುಂಡಿನ ಕೊನೆಗೂ ನೋಡುಗ ಎದ್ದು ಇನ್ನೊಂದು ಚಾನೆಲ್ಲಿಗೆ ಹೋಗದಂತೆ ಏನಾದರೂ ಬೇಕು. ನಾಯಕಿಯ ಕೈಗೆ ಬಿಗಿದ ಹಗ್ಗದಿಂದ ಕಟ್ಟಿಹಾಕುತ್ತಿದ್ದುದು ನಿಜಕ್ಕೂ ಸೋಫಾದ ಮೇಲೆ ಕೂತವರನ್ನು. ಖಳ ಬಡಪಾಯಿ ಬರೀ ಗುಮಾಸ್ತ.

ಈ ಸೂತ್ರ ಹಿಡಿದು ಹೊರಟರೆ ಎಲ್ಲವೂ ಅಳತೆಗೆ ಸಿಗುತ್ತದೆ. 1966ರ ಜನವರಿಯಲ್ಲಿ ಎಬಿಸಿಯಲ್ಲಿ ಶುರುವಾದ ‘ಬ್ಯಾಟ್‌ಮನ್’ ವಾರಕ್ಕೆರಡು ದಿನ ಬರುತ್ತಿತ್ತು. ಬುಧವಾರ ಕಟ್ಟುವುದು, ಗುರುವಾರ ಬಿಚ್ಚುವುದು. ಹಾಗಾಗಿ ಅಲ್ಲಿನ ಆಪತ್ತಿನ ಆಯುಸ್ಸು ಬರೋಬ್ಬರಿ ಒಂದು ದಿನ. ಅದರಲ್ಲಿ ಕಟ್ಟಿಸಿಕೊಂಡವರು ಹೆಚ್ಚಾಗಿ ಗಂಡಸರೇ; ಬಿಗಿಯಾದ ಚಡ್ಡಿ ತೊಟ್ಟ ರಾಬಿನ್ ಎಷ್ಟು ಸಲ ಯಾವ್ಯಾವ ಯಂತ್ರಕ್ಕೆ ಸಿಕ್ಕಿಬಿದ್ದನೋ ಲೆಕ್ಕವಿಲ್ಲ. ಬಿಬಿಸಿಯಲ್ಲಿ ಜಾಹೀರಾತಿಲ್ಲ. ಹಾಗೆಂದು ಅಲ್ಲಿನ ನಾಯಕಿಯರು ಸುಖವಾಗಿದ್ದರೆಂದು ತಿಳಿಯಬೇಡಿ. 1963ರಲ್ಲಿ ಶುರುವಾದ ‘ಡಾಕ್ಟರ್ ಹೂ’ದಲ್ಲಿ ಶನಿವಾರ ಸಂಜೆ ಚೀರಿದವಳು ಮುಂದಿನ ಶನಿವಾರದವರೆಗೆ ಬಾಯಿ ತೆರೆದೇ ಇರಬೇಕು. 1986ರಲ್ಲಿ ಮೆಲ್ ಪಾತ್ರ ಮಾಡಿದ ಬಾನಿ ಲ್ಯಾಂಗ್‌ಫರ್ಡ್‌ಗಂತೂ ಕಂತಿನ ಕೊನೆಯ ಚೀತ್ಕಾರವನ್ನು ಶೀರ್ಷಿಕೆ ಸಂಗೀತದ ಶ್ರುತಿಗೆ ಸೇರುವಂತೆ ಹಾಕಲು ಹೇಳಿದ್ದರು. ಪ್ರಾಣಭಯದಲ್ಲೂ ಶ್ರುತಿ ತಪ್ಪದ ಕಲಾವಿದೆ. ನಮ್ಮ ಸಂಗೀತ ಸಭೆಗಳಲ್ಲಿ ಶಾಲು ಹೊದಿಸಬೇಕಾದ ಸಾಧನೆ.

ಕಣ್ಣಿಡಬೇಕಾದ ಜಾಗ

ಹೊಸಬರು ಮಾಡುವ ತಪ್ಪೆಂದರೆ ಬಾಗಿಲು ನೋಡುತ್ತ ಕೂರುವುದು. ಬಾಗಿಲಲ್ಲಿ ಹೀರೋ ಬರುತ್ತಾನೆ, ಅದು ಗೊತ್ತಿದ್ದದ್ದೇ. ತಾವು ನೋಡಬೇಕಾದ್ದು ಆಕೆಯ ಕೈ. ಕಟ್ಟಿದ ಮೇಲೆ, ಬಿಡಿಸುವ ಮೊದಲು, ಆ ಎರಡು ನಿಮಿಷದಲ್ಲಿ ಆಕೆ ಏನು ಮಾಡುತ್ತಿದ್ದಾಳೆ? ಬರೀ ಒದ್ದಾಡುತ್ತಿದ್ದರೆ ಕಂತನ್ನು ಬದಿಗಿಡಿ. ಖಳನನ್ನು ಮಾತಿಗೆಳೆದು ಹೊತ್ತು ಕಳೆಯುತ್ತಿದ್ದರೆ, ಬೆನ್ನ ಹಿಂದೆ ಬೆರಳುಗಳು ಏನನ್ನೋ ತಡಕುತ್ತಿದ್ದರೆ, ಅದು ಎರಡನೇ ಸಲ ನೋಡಲು ಯೋಗ್ಯ.

ಈ ಪರೀಕ್ಷೆಗೆ ಹೇಳಿ ಮಾಡಿಸಿದ್ದು ಬ್ರಿಟನ್ನಿನ ‘ದಿ ಅವೆಂಜರ್ಸ್’. ಈಗಿನ ಸೂಪರ್‌ಹೀರೋ ಸಿನಿಮಾಗಳಿಗೂ ಇದಕ್ಕೂ ಸಂಬಂಧವಿಲ್ಲ. 1961ರಲ್ಲಿ ಶುರುವಾದಾಗ ಇದು ಇಬ್ಬರು ಗಂಡಸರ ಕಥೆ. ಅವರಲ್ಲೊಬ್ಬರಾಗಿದ್ದ ಇಯಾನ್ ಹೆಂಡ್ರಿ ಬಿಟ್ಟುಹೋದ ಮೇಲೆ 1962ರಲ್ಲಿ ಹಾನರ್ ಬ್ಲ್ಯಾಕ್‌ಮನ್ ಬಂದರು. ಗಂಡಿನ ಪಾತ್ರಕ್ಕೆಂದು ಬರೆದಿಟ್ಟಿದ್ದ ಕೆಲವು ಸ್ಕ್ರಿಪ್ಟುಗಳನ್ನು ಹೆಚ್ಚು ಬದಲಿಸದೆ ಆಕೆಗೇ ಕೊಟ್ಟರು. ಪರಿಣಾಮವಾಗಿ ಚೀರದೆ, ಮೂರ್ಛೆ ಹೋಗದೆ, ಜೂಡೋ ಪಟ್ಟು ಹಾಕಿ ಗಂಡಸರನ್ನು ಎತ್ತಿ ಒಗೆಯುವ ನಾಯಕಿ ಟಿವಿಗೆ ಸಿಕ್ಕಳು. ಯಾವ ಸಿದ್ಧಾಂತವೂ ಸಾಧಿಸದಿದ್ದುದನ್ನು ಸ್ಕ್ರಿಪ್ಟ್ ವಿಭಾಗದ ಉಳಿತಾಯ ಬುದ್ಧಿ ಸಾಧಿಸಿತು.

ಆಮೇಲೆ ಡಯಾನಾ ರಿಗ್ ಅವರ ಎಮ್ಮಾ ಪೀಲ್. 1965ರ ‘ದ ಗ್ರೇವ್‌ಡಿಗರ್ಸ್’ ಕಂತಿನಲ್ಲಿ ಆಕೆಯನ್ನು ಹಳಿಗೆ ಕಟ್ಟುತ್ತಾರೆ. ಬರುವುದು ಶ್ರೀಮಂತನೊಬ್ಬನ ತೋಟದಲ್ಲಿ ಓಡುವ ಗೊಂಬೆ ಗಾತ್ರದ ರೈಲು. ಆಕೆಯ ಜೊತೆಗಾರ ಸ್ಟೀಡ್ ಅದರ ಮೇಲೆ ಹೊಡೆದಾಡುವುದನ್ನು ನೋಡಿದರೆ ಆಪತ್ತು ನಾಯಕಿಗೋ ರೈಲಿಗೋ ತಿಳಿಯುವುದಿಲ್ಲ. 1967ರ ‘ಎಪಿಕ್’ನಲ್ಲಿ ಹುಚ್ಚು ಚಿತ್ರನಿರ್ದೇಶಕನೊಬ್ಬ ಆಕೆಯನ್ನು ಅಪಹರಿಸಿ, ಆಕೆಯ ಸಾವನ್ನೇ ಸಿನಿಮಾ ಮಾಡಲು ಹೊರಟು ಗರಗಸದ ಕೆಳಗೆ ಮಲಗಿಸುತ್ತಾನೆ. ಅಪಾಯದಲ್ಲಿರುವ ಹೆಣ್ಣನ್ನು ನೋಡಲು ಹಾತೊರೆಯುವ ಕ್ಯಾಮೆರಾದ ಮುಖಕ್ಕೇ ಹಿಡಿದ ಕನ್ನಡಿ ಅದು, ಕೊನೆಗೆ ಬಿಡಿಸಲು ಸ್ಟೀಡ್ ಬಂದರೂ. ಆದರೆ ನನ್ನ ಆಯ್ಕೆ 1966ರ ‘ದ ಹೌಸ್ ದಟ್ ಜ್ಯಾಕ್ ಬಿಲ್ಟ್’. ತಾನಾಗಿ ನಡೆಯುವ ಯಂತ್ರದ ಮನೆಯೊಳಗೆ ಎಮ್ಮಾ ಒಬ್ಬಳೇ. ಹಗ್ಗವಿಲ್ಲ, ಮೀಸೆಯಿಲ್ಲ. ಎಲ್ಲಿಗೆ ನಡೆದರೂ ಅದೇ ಕೋಣೆಗೆ ಬರುತ್ತಾಳೆ, ಹೆದರುತ್ತಾಳೆ, ಹೆದರಿಕೊಂಡೇ ಯೋಚಿಸುತ್ತಾಳೆ, ಯೋಚಿಸಿಯೇ ಹೊರಬರುತ್ತಾಳೆ.

‘ವಂಡರ್ ವುಮನ್’ (1975–79) ನೋಡುವಾಗ ಸಾಧನವನ್ನು ತಲೆಕೆಳಗು ಮಾಡಿ ಬಳಸಿ. ಅಲ್ಲಿ ಏಟು ತಿಂದು ಎಚ್ಚರ ತಪ್ಪಿ ಬೀಳುವ, ಬಿಡಿಸಿಕೊಳ್ಳಬೇಕಾದ ಸುಂದರ ಜೀವವೆಂದರೆ ಮೇಜರ್ ಸ್ಟೀವ್ ಟ್ರೆವರ್. ಲಿಂಡಾ ಕಾರ್ಟರ್ ಹಾರುವುದನ್ನು ಹೊಗಳಿದ ಉಸಿರಲ್ಲೇ ಡ್ಯೂಪ್ ಜೀನೀ ಎಪ್ಪರ್ ಹೆಸರು ಹೇಳಿದರೆ ಬಳಗದಲ್ಲಿ ತಮ್ಮ ಕುರ್ಚಿ ಒಂದು ಸಾಲು ಮುಂದಕ್ಕೆ ಬರುತ್ತದೆ. ಆ ಕಾಲದಲ್ಲಿ ನಾಯಕಿಯರ ಸಾಹಸಕ್ಕೆ ಗಂಡಸರಿಗೆ ವಿಗ್ ಹಾಕಿ ನೂಕುವ ರೂಢಿಯಿತ್ತು; ನಿಧಾನಕ್ಕೆ ಓಡಿಸಿ ನೋಡಿದರೆ ಮೊಣಕಾಲು ಗುಟ್ಟು ಬಿಟ್ಟುಕೊಡುತ್ತದೆ.

ಹೊಂದದ ಬಿಡಿಭಾಗಗಳು

ಬಳಗದಲ್ಲಿ ಕನ್ನಡಿಗರೊಬ್ಬರಿದ್ದರೆ ಬಿ.ಆರ್. ಚೋಪ್ರಾ ಅವರ ‘ಮಹಾಭಾರತ’ದ ದ್ರೌಪದಿಯ ವಸ್ತ್ರಾಪಹರಣವನ್ನು ತಂದೇ ತರುತ್ತಾರೆ. 1988ರಿಂದ 90ರವರೆಗೆ ಭಾನುವಾರ ಬೆಳಿಗ್ಗೆ ಬೀದಿಗಳು ಖಾಲಿಯಾಗುತ್ತಿದ್ದುದನ್ನು ಕಂಡವರಿಗೆ ಅದು ಸಹಜ. ಆದರೂ ಈ ಸಾಧನಕ್ಕೆ ಆ ದೃಶ್ಯವನ್ನು ಜೋಡಿಸಬೇಡಿ, ಸುಟ್ಟುಹೋಗುತ್ತದೆ. ಅಲ್ಲಿ ತಡವಾಗಿ ಬರಬೇಕಾದ ಹೀರೋಗಳು ಐವರೂ ಮೊದಲಿನಿಂದ ಸಭೆಯಲ್ಲೇ ಕೂತಿದ್ದಾರೆ. ಆಪತ್ತಿನಲ್ಲಿರುವವಳು ಕೇಳುವುದು ಧರ್ಮಸೂಕ್ಷ್ಮದ ಪ್ರಶ್ನೆ, ತನ್ನನ್ನೇ ಸೋತವನಿಗೆ ನನ್ನನ್ನು ಒಡ್ಡುವ ಹಕ್ಕೆಲ್ಲಿಂದ ಬಂತು ಎಂದು. ಭೀಷ್ಮನಿಗೇ ಉತ್ತರ ಗೊತ್ತಿಲ್ಲ.

ಎಚ್ಚರಿಕೆ

ಬಳಗದಲ್ಲಿ ಒಬ್ಬಿಬ್ಬರಿಗೆ ಕಥೆ ಬೇಡ, ಪಾತ್ರ ಬೇಡ, ಹಗ್ಗ ಸಾಕು. ಯಾವ ಕಂತು, ಎಷ್ಟನೇ ನಿಮಿಷ, ಬಾಯಿಗೆ ಬಟ್ಟೆ ಕಟ್ಟಿದ್ದರೇ ಎಂದಷ್ಟೇ ಕೇಳುತ್ತಾರೆ. ಆಕೆಯ ಹೆಸರೇನು ಎಂದು ತಾವು ತಿರುಗಿ ಕೇಳಿ. ಗೊತ್ತಿಲ್ಲವೆಂದರೆ ಅವರಿಂದ ಎರಡು ಕುರ್ಚಿ ಆಚೆ ಕೂರಿ. ಹಾಗೆಂದು ಈ ದೃಶ್ಯಗಳನ್ನು ಇಷ್ಟಪಡುವ ಎಲ್ಲರ ಮೇಲೂ ಕಣ್ಣು ಕೆಂಪು ಮಾಡುವ ಅಗತ್ಯವಿಲ್ಲ. ಬರೆದವರು ಮರೆತುಬಿಟ್ಟ ಪಾತ್ರವೊಂದರ ಮಣಿಕಟ್ಟು ನೋಯುತ್ತಿತ್ತೇನೋ ಎಂದು ಅರ್ಧ ಶತಮಾನದ ನಂತರ ಚಿಂತಿಸುವವರು ಕೆಟ್ಟವರಿರಲಾರರು.

ಖಾತರಿ ಮತ್ತು ಪಾವತಿ

ಪರದೆಯ ಮೇಲಿನ ಗಂಟುಗಳು ಕಂತು ಮುಗಿಯುವುದರೊಳಗೆ ಬಿಚ್ಚುತ್ತವೆ, ಅದಕ್ಕೆ ಪೂರ್ಣ ಖಾತರಿಯಿದೆ. ಪರದೆಯ ಹಿಂದಿನದಕ್ಕೆ ಇಲ್ಲ. ಎಮ್ಮಾ ಪೀಲ್ ಆಗಿ ಮನೆಮಾತಾದ ಡಯಾನಾ ರಿಗ್ ತಮಗೆ ಕ್ಯಾಮೆರಾಮನ್‌ಗಿಂತ ಕಡಿಮೆ ಸಂಬಳವೆಂದು ಕಂಡುಕೊಂಡು ಜಗಳವಾಡಿ ಹೆಚ್ಚಿಸಿಕೊಂಡರು. ಬಂದದ್ದು ಮೆಚ್ಚುಗೆಯಲ್ಲ, ದುಡ್ಡಿನಾಸೆಯವಳೆಂಬ ಬಿರುದು. ಆಗ ಬಾಗಿಲು ಒಡೆದು ಬಂದ ಸ್ಟೀಡ್ ಯಾರೂ ಇರಲಿಲ್ಲ.

‘ಬ್ಯಾಟ್‌ಮನ್’ನ ಕೊನೆಯ ಸೀಸನ್ನಿನಲ್ಲಿ ಬ್ಯಾಟ್‌ಗರ್ಲ್ ಆಗಿ ಬಂದ ಇವಾನ್ ಕ್ರೇಗ್ ಬ್ಯಾಲೆ ಕಲಿತವರು. ಆಕೆ ಗುದ್ದುವಂತಿಲ್ಲ, ಒದೆಯಬಹುದು ಎಂಬ ನಿಯಮವಿತ್ತು. ಹೆಣ್ಣಿನ ಮುಷ್ಟಿ ಅಷ್ಟು ಅಪಾಯಕಾರಿ. ಧಾರಾವಾಹಿ 1968ರಲ್ಲಿ ನಿಂತಿತು. ಕೆಲವು ವರ್ಷಗಳ ನಂತರ, 70ರ ದಶಕದ ಮೊದಲಲ್ಲಿ, ಅಮೆರಿಕದ ಕಾರ್ಮಿಕ ಇಲಾಖೆ ಸಮಾನ ವೇತನದ ಪ್ರಚಾರಕ್ಕೆ ಒಂದು ಪುಟ್ಟ ತುಣುಕು ಮಾಡಿಸಿತು. ಬ್ಯಾಟ್‌ಮನ್ ಮತ್ತು ರಾಬಿನ್ ಕಂಬಕ್ಕೆ ಕಟ್ಟಿಸಿಕೊಂಡಿದ್ದಾರೆ, ಪಕ್ಕದಲ್ಲಿ ಬಾಂಬು ಟಿಕ್ ಟಿಕ್ ಎನ್ನುತ್ತಿದೆ. ಬ್ಯಾಟ್‌ಗರ್ಲ್ ಬರುತ್ತಾಳೆ. ಬೇಗ ಬಿಚ್ಚು ಎಂದರೆ ನಿಂತು ಲೆಕ್ಕ ಕೇಳುತ್ತಾಳೆ: ರಾಬಿನ್ ಮಾಡುವ ಕೆಲಸವನ್ನೇ ನಾನೂ ಮಾಡುತ್ತೇನೆ, ಸಂಬಳ ಮಾತ್ರ ಯಾಕೆ ಕಡಿಮೆ? 1963ರ ಸಮಾನ ವೇತನ ಕಾಯಿದೆ ಏನು ಹೇಳುತ್ತದೆ? ಇದು ತಮಾಷೆಯ ಹೊತ್ತಲ್ಲ ಎನ್ನುತ್ತಾನೆ ಬ್ಯಾಟ್‌ಮನ್. ಆಕೆ ತಮಾಷೆ ಮಾಡುತ್ತಿಲ್ಲ.

ಬಿಚ್ಚಿದಳೇ ಇಲ್ಲವೇ ಎಂದು ತೋರಿಸದೆಯೇ ತುಣುಕು ಮುಗಿಯುತ್ತದೆ. ಬಳಗದಲ್ಲಿ ಇದರ ಬಗ್ಗೆ ಕೈ ಎತ್ತಿಸಿ ನೋಡಿ. ನನ್ನ ಅಭಿಪ್ರಾಯ ಕೇಳಿದರೆ, ಹಿಂದಿನ ಬಾಕಿಯೂ ಸೇರಿ ಕೈಗೆ ಬರುವವರೆಗೆ ಬಿಚ್ಚಬಾರದಿತ್ತು. ರಾಬಿನ್‌ನನ್ನು ಬೇಕಾದರೆ ಬಿಡಲಿ, ಪಾಪ, ಎಳೆ ಹುಡುಗ.