ಬಲಗಡೆಯವರಿಗೆ ಬಿಡಿ

ಡ್ರೈವಿಂಗ್ ಸ್ಕೂಲಿನ ಕಾರಿನಲ್ಲಿ ಬ್ರೇಕು ಎರಡು. ಒಂದು ಕಲಿಯುವವರ ಕಾಲಡಿ, ಇನ್ನೊಂದು ಪಕ್ಕದಲ್ಲಿ ಕೂತು ಮೊಬೈಲು ತೀಡುತ್ತಿರುವ ಮೇಷ್ಟ್ರ ಕಾಲಡಿ. ಹೀಗಾಗಿ ಅಲ್ಲಿಂದ ಹೊರಬಿದ್ದವರಿಗೆ, ಕಷ್ಟಕಾಲದಲ್ಲಿ ಕಾರು ತಾನಾಗಿಯೇ ನಿಲ್ಲುತ್ತದೆಂಬ ಗಾಢ ನಂಬಿಕೆ. ನನ್ನ ಅಕ್ಕನ ಮಗಳು ಎಲ್‌ಎಲ್‌ಆರ್ ಮಾಡಿಸಿ, ಕಾನೂನಿನ 30 ದಿನ ಕಾದು, ಟೆಸ್ಟು ಪಾಸಾಗಿ ಬಂದ ಮೇಲೆ ಅವಳ ಎಡಗಡೆ ಕೂರುವ ಯೋಗ ನನಗೆ ಒದಗಿತು. ನಮ್ಮ ಕಾರಿನಲ್ಲಿ ಆ ಜಾಗದಲ್ಲಿರುವುದು ಬರೀ ಮ್ಯಾಟು. ಅದನ್ನೇ ಒತ್ತುತ್ತೇನೆ.

ಹುಡುಗಿಗೆ ನಿಯಮಗಳೆಲ್ಲ ಬಾಯಿಪಾಠ. ಕಷ್ಟ ಶುರುವಾದದ್ದು ಅಲ್ಲೇ. ಮೈಸೂರಿನ ಕುವೆಂಪುನಗರದ ಒಳರಸ್ತೆಗಳಲ್ಲಿ ಸಿಗ್ನಲ್ಲೂ ಇಲ್ಲದ, ಪೊಲೀಸರೂ ಇಲ್ಲದ ನಾಲ್ಕು ದಾರಿ ಕೂಡುವ ಜಾಗಗಳು ಬೇಕಾದಷ್ಟಿವೆ. ಅಂಥ ಕಡೆ ಬಲಗಡೆಯಿಂದ ಬರುವವರಿಗೆ ದಾರಿ ಬಿಡಬೇಕು. ಒಳ್ಳೆಯ ನಿಯಮ. ಆದರೆ ನಾಲ್ಕೂ ಕಡೆಯಿಂದ ಒಮ್ಮೆಗೇ ಬಂದರೆ? ಪ್ರತಿಯೊಬ್ಬರಿಗೂ ಬಲಗಡೆ ಒಬ್ಬರು ಇದ್ದೇ ಇರುತ್ತಾರೆ. "ಮಾಮ, ಈಗ ಯಾರು ಹೋಗ್ಬೇಕು?" ಅಂದಳು. ನಾನು ಬಾಯಿ ತೆರೆಯುವಷ್ಟರಲ್ಲಿ ನೀರಿನ ಟ್ಯಾಂಕರೊಂದು ಹಿಂದೆ ಮುಂದೆ ನೋಡದೆ ನುಗ್ಗಿ ಪ್ರಶ್ನೆಯನ್ನು ಬಗೆಹರಿಸಿತು. ಪುಸ್ತಕದಲ್ಲಿ ಬಲಗಡೆಯ ನ್ಯಾಯ, ರಸ್ತೆಯಲ್ಲಿ ಮತ್ಸ್ಯನ್ಯಾಯ.

ಈ ನಿಯಮಗಳನ್ನು ನಿಧಾನವಾಗಿ ಓದಿದರೆ ಒಂದು ಸೋಜಿಗ ಕಾಣುತ್ತದೆ. ಯಾರು ನುಗ್ಗಬಹುದು ಎಂದು ಅವು ಹೇಳುವುದು ಕಡಿಮೆ. ಯಾರು ಬಿಡಬೇಕು ಎಂದು ಹೇಳುವುದೇ ಹೆಚ್ಚು. ಚಿಕ್ಕ ರಸ್ತೆಯವರು ದೊಡ್ಡ ರಸ್ತೆಯವರಿಗೆ ಬಿಡಬೇಕು. ಸರ್ಕಲ್ಲಿಗೆ ಹೊಸದಾಗಿ ಬರುವವರು ಆಗಲೇ ಸುತ್ತುತ್ತಿರುವವರಿಗೆ ಬಿಡಬೇಕು. ಜೀಬ್ರಾ ಪಟ್ಟೆಯ ಮೇಲೆ ನಡೆಯುವವರಿಗೆ ಎಲ್ಲರೂ ಬಿಡಬೇಕು (ಆ ಪಟ್ಟೆ ಅಳಿಸಿಹೋಗಿದ್ದರೂ). ಆಂಬುಲೆನ್ಸಿಗೆ ದಾರಿ ಕೊಡದಿದ್ದರೆ 2019ರ ತಿದ್ದುಪಡಿಯ ಪ್ರಕಾರ 10,000 ರೂಪಾಯಿ ದಂಡ, ಇಲ್ಲವೆ ಆರು ತಿಂಗಳವರೆಗೆ ಜೈಲು, ಇಲ್ಲವೆ ಎರಡೂ. ಆಂಬುಲೆನ್ಸಿನ ಬಾಲ ಹಿಡಿದು ಹಿಂದೆಯೇ ನುಸುಳುವ ಮಹನೀಯರಿಗೆ ಎಷ್ಟು ಹಾಕಿದರೂ ಕಮ್ಮಿ ಎಂಬುದು ನನ್ನ ಅಭಿಪ್ರಾಯ.

ದೀಪಗಳದ್ದೇ ಬೇರೆ ಪುರಾಣ. ಸರ್ಕಲ್ಲಿನಲ್ಲಿ ನೇರ ಹೋಗುವವರು ನಾಲ್ಕೂ ಇಂಡಿಕೇಟರ್ ಮಿಣುಕಿಸುವುದು ನಮ್ಮಲ್ಲಿ ಶಿಷ್ಟಾಚಾರ. ಅದು ಕೆಟ್ಟು ನಿಂತ ಗಾಡಿ ಹಾಕಬೇಕಾದ ದೀಪ. ಪಕ್ಕದ ರಸ್ತೆಯವನಿಗೆ ನಾಲ್ಕರಲ್ಲಿ ಕಾಣುವುದು ತನ್ನ ಕಡೆಯದು ಮಾತ್ರ. ಇವನು ತನ್ನತ್ತಲೇ ತಿರುಗುತ್ತಾನೆಂದು ಅವನು ಧೈರ್ಯವಾಗಿ ಮುಂದೆ ಬರುತ್ತಾನೆ. ನೇರ ಹೋಗುವುದಕ್ಕೆ ಯಾವ ದೀಪವೂ ಬೇಡ.

ಇನ್ನು ಅಂತರ. ಮುಂದಿನ ಗಾಡಿ ಒಂದು ಲೈಟು ಕಂಬ ದಾಟಿದ ಮೇಲೆ ನಾವು ಅದೇ ಕಂಬ ತಲುಪಲು ಮೂರು ಸೆಕೆಂಡಾದರೂ ಆಗಬೇಕು. 60 ಕಿ.ಮೀ. ವೇಗದಲ್ಲಿ ಕಾರು ಸೆಕೆಂಡಿಗೆ ಹದಿನಾರು ಹದಿನೇಳು ಮೀಟರ್ ಓಡುತ್ತದೆ. ಮೂರಕ್ಕೆ ಹತ್ತಿರ ಹತ್ತಿರ 50 ಮೀಟರ್. ರಿಂಗ್ ರೋಡಿನಲ್ಲಿ ಅಷ್ಟು ಜಾಗ ಖಾಲಿ ಬಿಟ್ಟರೆ ಜನ ಅದನ್ನು ಸೈಟು ಅಂದುಕೊಳ್ಳುತ್ತಾರೆ. ಒಂದು ಆಟೊ ಬಂತು. ಇವಳು ಹಿಂದೆ ಸರಿದಳು. ಎರಡು ಬೈಕು ಬಂದವು, ಮತ್ತೆ ಸರಿದಳು. ಹೀಗೇ ಸರಿಯುತ್ತ ಹೋದರೆ ವಾಪಸ್ಸು ಮನೆಗೇ ಸೇರುತ್ತೇವೇನೋ ಅನ್ನಿಸಿತಾದರೂ ನಾನು ತುಟಿ ಬಿಚ್ಚಲಿಲ್ಲ. ಅವಳು ಮಾಡುತ್ತಿದ್ದದ್ದು ಸರಿ.

ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಘಾಟಿಯ ನಿಯಮ. ಎರಡು ಗಾಡಿಗಳಿಗೆ ಜಾಗ ಸಾಲದ ಕಡೆ ಇಳಿಯುವವರು ಪಕ್ಕಕ್ಕೆ ನಿಂತು ಏರುವವರಿಗೆ ಬಿಡಬೇಕು. ಏರಿನಲ್ಲಿ ನಿಂತ ಭಾರದ ಗಾಡಿಯನ್ನು ಹಾಫ್ ಕ್ಲಚ್ಚಿನಲ್ಲಿ ಮತ್ತೆ ಎಬ್ಬಿಸುವ ಸಂಕಟ, ಅದು ಹಿಂದಕ್ಕೆ ಜಾರುವ ಭಯ, ಇದನ್ನೆಲ್ಲ ಅನುಭವಿಸಿದವರೇ ಬರೆದ ನಿಯಮವಿರಬೇಕು. ಇಳಿಯುವವರಿಗೆ ಇನ್ನೊಂದು ಮಾತುಂಟು: ಏರಲು ಯಾವ ಗೇರು ಬೇಕೋ ಅದರಲ್ಲೇ ಇಳಿಯಬೇಕು. ನ್ಯೂಟ್ರಲ್ ಮಾಡಿ ಪೆಟ್ರೋಲು ಉಳಿಸಲು ಹೋದರೆ ಬ್ರೇಕು ಕಾದು ಹಿಡಿತ ಬಿಡುತ್ತದೆ.

ಶೃಂಗೇರಿ ಮುಗಿಸಿ ಉಡುಪಿಗೆ ಹೊರಟಾಗ ಆಗುಂಬೆಯಲ್ಲೂ ಸ್ಟಿಯರಿಂಗ್ ಅವಳ ಕೈಯಲ್ಲೇ ಇತ್ತು. ಹದಿನಾಲ್ಕು ಹಿಮ್ಮುರಿ ತಿರುವುಗಳು. ಸೆಕೆಂಡ್ ಗೇರಿನಲ್ಲಿ, ತಿರುವಿಗೊಂದು ಹಾರ್ನ್ ಹಾಕುತ್ತ ಇಳಿಯುತ್ತಿದ್ದಳು. ಒಂದು ತಿರುವಿನಲ್ಲಿ ಕೆಳಗಿನಿಂದ ಮಿನಿ ಬಸ್ಸು ಬಂತು. ಇವಳು ನಿಯಮದಂತೆ ಪಕ್ಕಕ್ಕೆ ನಿಲ್ಲಿಸಿದಳು. ಬಸ್ಸಿನವನು, ಟೆಸ್ಟಾದ ಮೇಲೂ ನಾವು ಕಾರಿನ ಮುಂದಿನಿಂದ ತೆಗೆಯದೆ ಬಿಟ್ಟಿದ್ದ ಎಲ್ ಬೋರ್ಡನ್ನು ಕಂಡನೋ ಏನೋ, ಅವನೂ ನಿಲ್ಲಿಸಿ "ಬಾರಮ್ಮ" ಎಂದು ಕೈ ಬೀಸಿದ. ಇವಳು "ನೀವು ಬನ್ನಿ ಅಂಕಲ್" ಎಂದು ಬೀಸಿದಳು. ಅವನು ಮತ್ತೆ ಬೀಸಿದ. ಇವಳು ಜಗ್ಗಲಿಲ್ಲ, ಅವನು ಏರುವವನು, ತಾನು ಇಳಿಯುವವಳು. ಎರಡೂ ಕಡೆ ಸಾಲು ಬೆಳೆಯಿತು. ಕಡೆಗೆ ಕಂಡಕ್ಟರು ಬಾಗಿಲಿನಿಂದ ಅರ್ಧ ಮೈ ಹೊರಗೆ ಹಾಕಿ ಕೂಗಿದ: "ಯಾರಾದ್ರೂ ಒಬ್ರು ಹೋಗ್ರಪ್ಪ, ನಂಗೆ ಟೈಮಿಂಗ್ ಇದೆ!"