ಪಾಸ್ತಾ ಭಾವ

ಹಬ್ಬಕ್ಕೆ ಹೋಳಿಗೆ ತಟ್ಟುವ ಗಂಡಸರಿದ್ದಾರೆ, ಮದುವೆಮನೆಯಲ್ಲಿ ಕೊಪ್ಪರಿಗೆಗಟ್ಟಲೆ ಹುಳಿ ಕುದಿಸುವ ಗಂಡಸರಿದ್ದಾರೆ. ಅವರ ತಂಟೆ ನನಗೆ ಬೇಡ. ನಾನು ಹೇಳಹೊರಟಿರುವುದು ಮೂರನೆಯ ಪಂಗಡದವರ ವಿಚಾರ: ತಿಂಗಳಿಗೊಂದು ಭಾನುವಾರ ಸಂಜೆ "ಇವತ್ತು ಯಾರೂ ಅಡುಗೆಮನೆಗೆ ಕಾಲಿಡಬೇಡಿ" ಎಂದು ಸಾರಿ, ಐದೇ ನಿಮಿಷದಲ್ಲಿ ಮನೆಮಂದಿಯನ್ನೆಲ್ಲ ಅಲ್ಲಿಗೇ ಕರೆಸಿಕೊಳ್ಳುವವರು. ಬೆಂಗಳೂರಿನಲ್ಲಿ ಬೀದಿಗೆ ನಾಲ್ಕು ಜನ ಸಿಗುತ್ತಾರೆ. ನಮ್ಮ ಪಾಲಿಗೆ ಬಂದವರು ಅಕ್ಕನ ಗಂಡ.

ಭಾವನವರಿಗೆ ಬರುವುದು ಒಂದೇ ಅಡುಗೆ, ಸ್ಪಗೆಟಿ ಆಲ್ಯೊ ಎ ಓಲ್ಯೊ. ಹೆಸರು ಹೇಳುವಾಗ ಐದೂ ಬೆರಳು ಕೂಡಿಸಿ ಮೇಲೆತ್ತುತ್ತಾರೆ. ಅವರು ಕಣ್ಣಾರೆ ಕಂಡ ಪಶ್ಚಿಮ ಮಂಗಳೂರಿನ ತನಕ ಮಾತ್ರ. ಬೆಳ್ಳುಳ್ಳಿ, ಎಣ್ಣೆ, ಒಣಮೆಣಸಿನಕಾಯಿ, ಉಪ್ಪು, ಪಾಸ್ತಾ, ಇಷ್ಟೇ ಸಾಮಾನು. ನಡುರಾತ್ರಿ ಹಸಿದು ಮನೆಗೆ ಬಂದ ಇಟಲಿಯವರು ಕಪಾಟಿನಲ್ಲಿ ಸಿಕ್ಕಿದ್ದರಲ್ಲೇ ಹೊಂದಿಸಿಕೊಳ್ಳುವ ಊಟ ಅದು. "ಅಂಗಡಿ ಕಡೆ ತಿರುಗಿ ನೋಡೋ ಹಾಗಿಲ್ಲ ಕಣಯ್ಯಾ. ತಲೆಗೆ 30 ರೂಪಾಯಿ ದಾಟಿದ್ರೆ ಕೇಳು!" ಎಂದು ನನ್ನ ಬೆನ್ನು ತಟ್ಟುತ್ತಾರೆ. ತಟ್ಟಿದ ಕೈಯಿಂದಲೇ ಪಾರ್ಸ್ಲಿ ತರಲು ಅಂಗಡಿಗೆ ಅಟ್ಟುತ್ತಾರೆ. ನಾನು ಕೊತ್ತಂಬರಿ ಸೊಪ್ಪು ತಂದುಕೊಡುತ್ತೇನೆ. ಆ ವಿಷಯವನ್ನು ನಾವಿಬ್ಬರೂ ಎತ್ತುವುದಿಲ್ಲ.

"ಇವಳೇ, ಉಪ್ಪಿನ ಡಬ್ಬಿ ಎಲ್ಲಿ?"

"ಇರೋ ಜಾಗದಲ್ಲೇ ಇದೆ ರೀ."

ಮದುವೆಯಾದಂದಿನಿಂದ ಅದು ಇರುವ ಜಾಗದಲ್ಲೇ ಇದೆ. ಆದರೂ ಅಕ್ಕ ಎದ್ದು ಬರಬೇಕು. ಹೇಗೂ ಬಂದದ್ದಾಯಿತೆಂದು ಹನ್ನೆರಡು ಎಸಳು ಬೆಳ್ಳುಳ್ಳಿ ಸುಲಿದು, ತೆಳ್ಳಗೆ ಹೆಚ್ಚಿ, ದೊಡ್ಡ ಪಾತ್ರೆಯಲ್ಲಿ ಎಸರಿಟ್ಟು ಹೋಗುತ್ತಾಳೆ. ಅಡುಗೆ ಶುರುವಾಗುವುದು ಇದೆಲ್ಲ ಮುಗಿದ ಮೇಲೆ, ಭಾವನವರು ಏಪ್ರನ್ ಕಟ್ಟಿಕೊಂಡಾಗ.

ನಾನೂರು ಗ್ರಾಂ ಪಾಸ್ತಾಕ್ಕೆ ನಾಲ್ಕು ಲೀಟರ್ ನೀರು. ಈ ಲೆಕ್ಕ ಸರಿ. ಎಡವಟ್ಟಾದದ್ದು ಉಪ್ಪಿನಲ್ಲಿ. ನೀರು ಸಮುದ್ರದಷ್ಟು ಉಪ್ಪಿರಬೇಕು ಎಂದು ಇಟಲಿಯವರು ಬಾಯಲ್ಲಿ ಹೇಳುತ್ತಾರೆಯೇ ಹೊರತು, ಕೈಯಲ್ಲಿ ಹಾಕುವುದು ಲೀಟರಿಗೆ ಹತ್ತು ಗ್ರಾಂ ಆಸುಪಾಸು. ಸಮುದ್ರದ ನೀರಿನಲ್ಲಿ ಇರುವುದು ಸುಮಾರು 35 ಗ್ರಾಂ. ಮೊದಲ ಸಲ ಭಾವನವರು ಸಮುದ್ರವನ್ನೇ ನಂಬಿದರು. ಮಕ್ಕಳು ತಟ್ಟೆ ಸರಿಸಿ ಬಿಸ್ಕತ್ತಿನ ಡಬ್ಬಿ ಹುಡುಕಿದವು. ಅಮ್ಮ ಮಾತ್ರ, ಅಳಿಯಂದಿರ ಕೈಯಡುಗೆ ಅಲ್ಲವೇ, "ಉಪ್ಪು ಒಂಚೂರು ಮುಂದಾಗಿದೆ ಅಷ್ಟೇ, ರುಚಿ ಚೆನ್ನಾಗಿದೆ" ಎಂದು ಮೂರು ಲೋಟ ನೀರು ಕುಡಿದು ತಟ್ಟೆ ಖಾಲಿ ಮಾಡಿದರು.

ನೀರು ಮರಳುವವರೆಗೆ ಉಪನ್ಯಾಸ. "ಮಾರ್ಕೊ ಪೋಲೊ ಇದನ್ನ ಚೀನಾದಿಂದ ಇಟಲಿಗೆ ತಂದ, ಗೊತ್ತಾ?" ಮಾರ್ಕೊ ಪೋಲೊ ವೆನಿಸ್‌ಗೆ ಮರಳಿದ್ದು 1295ರಲ್ಲಿ. ಅದಕ್ಕೂ ಮುಂಚೆ, 1154ರಷ್ಟು ಹಿಂದೆಯೇ, ಸಿಸಿಲಿಯ ತ್ರಾಬಿಯ ಎಂಬ ಊರಿನಲ್ಲಿ ಇಂಥ ಎಳೆಗಳನ್ನು ಮಾಡಿ ಹಡಗಿಗೆ ತುಂಬಿ ಊರೂರಿಗೆ ಕಳಿಸುತ್ತಿದ್ದರೆಂದು ಅಲ್ ಇದ್ರೀಸಿ ಎಂಬ ಭೂಗೋಳಜ್ಞ ಬರೆದಿಟ್ಟಿದ್ದಾನೆ. ಆದರೆ ಮನೆ ಅಳಿಯನಿಗೆ ಇಸವಿ ತಿದ್ದುವ ಪದ್ಧತಿ ನಮ್ಮಲ್ಲಿಲ್ಲ. ಪಾಸ್ತಾಕ್ಕೆ ಬೇಕಾದ ಡ್ಯೂರಂ ಗೋಧಿ ನಮ್ಮ ಬನ್ಸಿ ರವೆಯ ಗೋಧಿಯೇ ಎಂದು ನಾನೊಮ್ಮೆ ಬಾಯಿ ಹಾಕಿದ್ದೆ. "ಹಾಗಾದ್ರೆ ಉಪ್ಪಿಟ್ಟೇ ಮಾಡಬಹುದಿತ್ತಲ್ಲ" ಎಂದಳು ಅಕ್ಕ. ಭಾವನವರು ಸ್ವಲ್ಪ ಹೊತ್ತು ನನ್ನ ಜೊತೆ ಮಾತು ಬಿಟ್ಟರು.

ಒಂದನ್ನು ಒಪ್ಪಲೇಬೇಕು. ಸಣ್ಣ ಉರಿಯಲ್ಲಿ ಬೆಳ್ಳುಳ್ಳಿ ಬಾಣಲೆಗೆ ಬಿದ್ದಾಗ ಈ ಮನುಷ್ಯ ಬಾಯಿ ಮುಚ್ಚುತ್ತಾರೆ. ಬಾಗಿ ನಿಂತು, ಬಿಲ್ಲೆಗಳ ಅಂಚು ಹೊಂಬಣ್ಣಕ್ಕೆ ತಿರುಗುವುದನ್ನೇ ಕಾಯುತ್ತಾರೆ. ಅದರಾಚೆ ಹೋದರೆ ಕಹಿ. ಆಗ ಮುರಿದ ಬ್ಯಾಡಗಿ ಮೆಣಸಿನಕಾಯಿ, ಹಿಂದೆಯೇ ಪೊಟ್ಟಣದಲ್ಲಿ ಹೇಳಿದ್ದಕ್ಕಿಂತ ಒಂದು ನಿಮಿಷ ಮೊದಲೇ ಎತ್ತಿದ ಪಾಸ್ತಾ, ಅದು ಬೆಂದ ನೀರು ಒಂದು ಸೌಟು. ಆ ನೀರಿನಲ್ಲಿರುವ ಗಂಜಿಯೇ ಎಣ್ಣೆಯನ್ನು ಹಿಡಿದು ಎಳೆ ಎಳೆಗೂ ಅಂಟಿಸುವುದು. ಘಮ ಪಕ್ಕದ ಮನೆಯ ತನಕ ಹೋಗುತ್ತದೆ.

ಈ ನೀರಿನ ಮಹಿಮೆ ಅಕ್ಕನಿಗೆ ಗೊತ್ತಿಲ್ಲದೆ ಒಂದು ಸಲ ಅನಾಹುತವಾಯಿತು. ಭಾವನವರು ಜೋಪಾನವಾಗಿ ಚೊಂಬಿನಲ್ಲಿ ಎತ್ತಿಟ್ಟಿದ್ದನ್ನು ಅಕ್ಕ ಸಿಂಕಿಗೆ ಸುರಿದಿದ್ದಳು.

"ಅಯ್ಯೋ! ಅದರಲ್ಲೇ ಕಣೇ ಇದ್ದಿದ್ದು ಎಲ್ಲಾ!"

"ಕಲಗಚ್ಚು ಅಂದ್ಕೊಂಡೆ ರೀ."

ಆ ರಾತ್ರಿ ಪಾಸ್ತಾ ಗಂಟಲಲ್ಲಿ ಇಳಿಯಲಿಲ್ಲ, ಭಾವನವರ ಸಿಟ್ಟೂ ಇಳಿಯಲಿಲ್ಲ.

ಇನ್ನೊಂದು ಸಲ ಚೀಸ್ ಇರಲಿಲ್ಲ. ಆಲ್ಯೊ ಎ ಓಲ್ಯೊಗೆ ಚೀಸ್ ಬೇಕೆಂದೇನೂ ಇಲ್ಲ, ಆದರೆ ಭಾವನವರಿಗೆ ಬೇಕು. ಫೋನಿನಲ್ಲಿ ನೋಡಿದರೆ, ತುರಿದ ಚೀಸಿನ ಪುಟ್ಟ ಡಬ್ಬಿಯ ಬೆಲೆ ಅಲ್ಲಿಯವರೆಗಿನ ಅಷ್ಟೂ ಸಾಮಾನಿಗಿಂತ ಹೆಚ್ಚು. ತಲೆಗೆ 30 ರೂಪಾಯಿಯ ಲೆಕ್ಕ ಅಡ್ಡಬಿತ್ತು. ಬಾಗಿಲಲ್ಲಿ ನಿಂತಿದ್ದ ಅಮ್ಮ ಮೆಲ್ಲಗೆ, "ಒಣಗಿದ ಬ್ರೆಡ್ಡಿನ ತುದಿಗಳಿವೆ. ಪುಡಿ ಮಾಡಿ ಎಣ್ಣೆಯಲ್ಲಿ ಹುರಿದು ಉದುರಿಸಿದ್ರೆ ಆಗಲ್ವಾ?" ಎಂದರು. ಯಾರೂ ಉತ್ತರ ಕೊಡಲಿಲ್ಲವಾದ್ದರಿಂದ ತಾವೇ ಒಗ್ಗರಣೆ ಸೌಟಿನಲ್ಲಿ ಹುರಿದು ತಂದರು. ಗರಿಗರಿಯಾಗಿ, ಹಲ್ಲಿಗೆ ಸಿಕ್ಕಿದಾಗಲೆಲ್ಲ ಬೆಳ್ಳುಳ್ಳಿಯ ರುಚಿ ಬಿಡುತ್ತಿತ್ತು. ಮಕ್ಕಳು ಎರಡನೆಯ ಸಲ ಹಾಕಿಸಿಕೊಂಡವು.

ದಕ್ಷಿಣ ಇಟಲಿಯ ಬಡವರು ಚೀಸ್ ಕೊಳ್ಳಲಾಗದೆ ಪಾಸ್ತಾದ ಮೇಲೆ ಉದುರಿಸಿಕೊಳ್ಳುತ್ತಿದ್ದದ್ದು ಇದನ್ನೇ. ಭಾವನವರು ಎಲ್ಲೋ ಹುಡುಕಿ ಅದನ್ನು ಪತ್ತೆ ಮಾಡಿದರು. ಮುಂದಿನ ತಿಂಗಳು ಅಮ್ಮನನ್ನೇ ಕುರ್ಚಿ ಹಾಕಿ ಕೂರಿಸಿದರು.

"ಅತ್ತೆ, ಇವತ್ತು ನಿಮಗೊಂದು ಹೊಸದು ಹೇಳಿಕೊಡ್ತೀನಿ. ಪಾನ್‌ಗ್ರತ್ತಾತೊ ಅಂತ. ಒಣಗಿದ ಬ್ರೆಡ್ ಇರುತ್ತಲ್ಲ, ಅದನ್ನ ಪುಡಿ ಮಾಡಿಕೊಂಡು..."

ಅಮ್ಮ ಕನ್ನಡಕ ಏರಿಸಿಕೊಂಡು ಪೂರ್ತಿ ಕೇಳಿಸಿಕೊಂಡರು. ಆಮೇಲೆ, ಮುಖದಲ್ಲಿ ಒಂದು ಗೆರೆಯೂ ಅಲುಗದಂತೆ ಕೇಳಿದರು:

"ಎಣ್ಣೆ ಎಷ್ಟು ಹಾಕ್ತೀರಿ?"