ಧೂಮೋನ್ಮಾದ ಮೀಮಾಂಸೆ

ಧೂಮಜನ್ಯ ಉನ್ಮಾದವನ್ನು ಶಾಸ್ತ್ರೋಕ್ತವಾಗಿ ಅಭ್ಯಸಿಸುವವರಿಗೆ ಮೂಲ ಆಕರ, ಲೂಯಿ ಗ್ಯಾಸ್ನಿಯೆ ನಿರ್ದೇಶಿಸಿದ 1936ರ ಅಮೆರಿಕನ್ ಚಿತ್ರ ‘ರೀಫರ್ ಮ್ಯಾಡ್‌ನೆಸ್’. ಹುಟ್ಟಿದಾಗ ಅದರ ಹೆಸರು ‘ಟೆಲ್ ಯುವರ್ ಚಿಲ್ಡ್ರನ್’. ಮುಂದೆ ಡ್ವೇನ್ ಎಸ್ಪರ್ ಎಂಬ ಚಿತ್ರವ್ಯಾಪಾರಿಯ ಕೈಸೇರಿತು. ‘ದಿ ಬರ್ನಿಂಗ್ ಕ್ವೆಶ್ಚನ್’, ‘ಡೋಪ್ಡ್ ಯೂತ್’, ‘ಲವ್ ಮ್ಯಾಡ್‌ನೆಸ್’ ಎಂದೂ ತೆರೆಕಂಡಿತು. ಗ್ರಂಥಸಂಪಾದಕರು ಈ ಪಾಠಾಂತರಗಳನ್ನು ಗಮನಿಸತಕ್ಕದ್ದು.

ಪ್ರಸ್ತುತ ಪ್ರಬಂಧವು ಉನ್ಮಾದವನ್ನು ಐದು ಭೇದಗಳಾಗಿ ವಿಂಗಡಿಸುತ್ತದೆ. ಮೊದಲನೆಯದು ನಿಷ್ಕಾರಣಾಟ್ಟಹಾಸ: ಗಾಂಜಾ ಸಿಗರೇಟಿನ ಒಂದು ದಮ್ಮು, ಕೂಡಲೇ ನಗು. ಎರಡನೆಯದು ಚಕ್ರಗತಿಕ: ಜಿಮ್ಮಿ ಎಂಬ ಹುಡುಗ ಸೇದುತ್ತ ಕಾರು ಓಡಿಸಿ ದಾರಿಹೋಕನಿಗೆ ಗುದ್ದುತ್ತಾನೆ. ಮೂರನೆಯದಾದ ವಾದ್ಯವೇಗಾಭಿಲಾಷೆಯೇ ಈ ಶಾಸ್ತ್ರದ ಶಿಖರ. ರಾಲ್ಫ್ ಎಂಬಾತ ಕಣ್ಣರಳಿಸಿಕೊಂಡು ದಮ್ಮಿನ ಮೇಲೆ ದಮ್ಮು ಎಳೆಯುತ್ತ, ಪಿಯಾನೋ ಮುಂದೆ ಕೂತ ಬ್ಲಾಂಚ್ ಎಂಬಾಕೆಯನ್ನು ಇನ್ನೂ ಬೇಗ, ಇನ್ನೂ ಬೇಗ ಬಾರಿಸೆಂದು ಪೀಡಿಸುತ್ತಾನೆ. ಪುಣ್ಯಾತ್ಗಿತ್ತಿ ಬಾರಿಸುತ್ತಾಳೆ. ವಿಲಂಬಿತದಿಂದ ದ್ರುತಕ್ಕೇರಲು ವರ್ಷಗಟ್ಟಲೆ ಸಾಧನೆ ಮಾಡಿದ ಸಂಗೀತಗಾರರು ಈ ದೃಶ್ಯವನ್ನು ನೋಡದಿರುವುದೇ ಲೇಸು. ನಾಲ್ಕು, ಐದನೆಯ ಭೇದಗಳಿಗೆ ಹೆಸರಿಡುವಷ್ಟು ಸಂಸ್ಕೃತವೂ ತಾಳ್ಮೆಯೂ ಉಳಿದಿಲ್ಲ. ಕೊಲೆಗಳಾಗುತ್ತವೆ, ಬ್ಲಾಂಚ್ ಕಿಟಕಿಯಿಂದ ಹಾರುತ್ತಾಳೆ, ರಾಲ್ಫ್ ಹುಚ್ಚಾಸ್ಪತ್ರೆ ಸೇರುತ್ತಾನೆ.

ಇಷ್ಟನ್ನೂ ಮುಖ್ಯೋಪಾಧ್ಯಾಯ ಡಾ. ಕ್ಯಾರೊಲ್ ಎಂಬ ಪಾತ್ರ ಪೋಷಕರ ಸಭೆಯಲ್ಲಿ ಉಪನ್ಯಾಸವಾಗಿ ಹೇಳುತ್ತದೆ. ಅಫೀಮು, ಹೆರಾಯಿನ್‌ಗಿಂತ ಗಾಂಜಾ ಘೋರ ಎಂದಾಗಲೂ ಸಭೆ ಕೆಮ್ಮುವುದಿಲ್ಲ. ಕೊನೆಗೆ ಅವರ ಬೆರಳು ನೇರ ಪ್ರೇಕ್ಷಕನತ್ತ. ವಿಚಾರಸಂಕಿರಣಗಳಲ್ಲಿ ಊಟದ ಹೊತ್ತು ಮೀರಿ ಕೂತವರಿಗೆ ಈ ಬೆರಳು ಚಿರಪರಿಚಿತ.

1972ರಲ್ಲಿ ಗಾಂಜಾ ಕಾನೂನು ಸುಧಾರಣೆಗಾಗಿ ಹೋರಾಡುತ್ತಿದ್ದ ಕೀತ್ ಸ್ಟ್ರೂಪ್ 297 ಡಾಲರಿಗೆ ಈ ಚಿತ್ರದ ಪ್ರತಿ ಕೊಂಡರು. ಕಾಲೇಜುಗಳಲ್ಲಿ ಪ್ರದರ್ಶನ, ಹೊಟ್ಟೆ ಹುಣ್ಣಾಗುವಷ್ಟು ನಗು.

ನಗು ಬರಲಿ, ಆದರೆ ಅದೇ ಧಾಟಿಯ ಉಪನ್ಯಾಸ ವಾಷಿಂಗ್ಟನ್ನಿನಲ್ಲೂ ನಡೆದಿತ್ತು. 1937ರಲ್ಲಿ ಮಾದಕವಸ್ತು ಇಲಾಖೆಯ ಮುಖ್ಯಸ್ಥ ಹ್ಯಾರಿ ಆನ್ಸ್‌ಲಿಂಗರ್ ಗಾಂಜಾ ತೆರಿಗೆ ಕಾಯ್ದೆಯ ಪರವಾಗಿ ಪತ್ರಿಕೆಗಳ ಕೊಲೆಸುದ್ದಿ ಹಿಡಿದು ಕಾಂಗ್ರೆಸ್ ಸಮಿತಿಯ ಮುಂದೆ ನಿಂತರು. ಅಮೆರಿಕದ ವೈದ್ಯಕೀಯ ಸಂಘದ ಡಾ. ವಿಲಿಯಂ ವುಡ್‌ವರ್ಡ್ ಮಾತ್ರ, ಪತ್ರಿಕೆಯ ಮಾತು ಹಾಗಿರಲಿ, ಸೆರೆಮನೆ ಇಲಾಖೆಯ ಅಂಕಿಅಂಶ ಎಲ್ಲಿ, ಮಕ್ಕಳ ಇಲಾಖೆಯವರು ಯಾಕೆ ಬಂದಿಲ್ಲ ಎಂದು ಕೇಳಿದರು. ಸಮಿತಿ ಅವರ ಮೇಲೆಯೇ ಹರಿಹಾಯಿತು. ಮಸೂದೆ ಸದನಕ್ಕೆ ಬಂದಾಗ ಒಬ್ಬ ಸದಸ್ಯ, ವೈದ್ಯರು ಒಪ್ಪಿದ್ದಾರೆಯೇ ಎಂದು ವಿಚಾರಿಸಿದ. ಸಮಿತಿಯಲ್ಲಿದ್ದ ಫ್ರೆಡ್ ವಿನ್ಸನ್ ಕೊಟ್ಟ ಉತ್ತರ: ಡಾ. ವೆಂಟ್‌ವರ್ತ್ ಬಂದಿದ್ದರು, ಅವರ ಸಂಘದ್ದು ನೂರಕ್ಕೆ ನೂರು ಬೆಂಬಲ. ಹೆಸರೂ ಸುಳ್ಳು, ಬೆಂಬಲವೂ ಸುಳ್ಳು! ಮಸೂದೆ ಪಾಸಾಯಿತು. 1951ರ ಬಾಗ್ಸ್ ಕಾಯ್ದೆ ಬಂದ ಮೇಲೆ, ಗಾಂಜಾ ಇಟ್ಟುಕೊಂಡು ಮೊದಲ ಸಲ ಸಿಕ್ಕಿಬಿದ್ದವನಿಗೂ ಕನಿಷ್ಠ ಎರಡು ವರ್ಷದ ಜೈಲು ನಿಗದಿಯಾಯಿತು; ಎರಡನೆಯ ಸಲ ಸಿಕ್ಕಿಬಿದ್ದರೆ ಶಿಕ್ಷೆಯನ್ನು ಅಮಾನತಿನಲ್ಲಿಡುವ ಅಧಿಕಾರವೂ ನ್ಯಾಯಾಧೀಶನಿಗೆ ಉಳಿಯಲಿಲ್ಲ.